ಹಟ್ಟಿಯಲ್ಲಿ ಕುಳಿತಿರಬಹುದು, ಮಲಗುವಂತಿಲ್ಲ

ಫೆಬ್ರವರಿ ೧೧, ಮಂಗಳವಾರ

ನೆರಿಯದ ಕಡೆಯ ಒಂದು ಪಂಚಾಯತಿನ ವಸತಿ ಗ್ರಾಮಸಭೆಗೆ ನನ್ನನ್ನು ಮಾರ್ಗದರ್ಶಿ ಅಧಿಕಾರಿಯಾಗಿ ನೇಮಿಸಿದ್ದಾರೆ. ಸರಕಾರದ ದುಡ್ಡಿನಲ್ಲಿ ಯಾರಿಗೆ ಮನೆ ಆಗಬೇಕು, ಯಾರಿಗೆ ಆಗಬಾರದು ಎಂದು ತೀರ್ಮಾನಿಸುವ ಸಭೆ. ನಾನು ಪಶುವೈದ್ಯೆ. ಬೇರೆ ಯಾರೂ ಸಿಗಲಿಲ್ಲವೇ ಎಂದು ತಾಲೂಕು ಕಚೇರಿಗೆ ಫೋನ್ ಮಾಡಿ ಕೇಳಿದೆ. “ನಿಮಗೆ ಮನೆಯಲ್ಲಿ ಯಾರೂ ಇಲ್ಲವಲ್ಲ ಮೇಡಂ, ಪುರುಸೊತ್ತು ಉಂಟು” ಎಂದರು. ಅಲ್ಲಗಳೆಯುವಂತಿರಲಿಲ್ಲ.

ಮನೆಯ ವಿಷಯದಲ್ಲಿ ನನಗೆ ಒಂದೇ ಅನುಭವ, ಗುರುವಾಯನಕೆರೆಯ ಈ ಮನೆ. ನಕ್ಷೆ ನನ್ನದೇ. ಕೆಂಪುಕಲ್ಲಿನ ಗೋಡೆಗೆ ಸಾರಣೆ ಇಲ್ಲ, ನೆಲಕ್ಕೆ ಟೈಲ್ಸ್ ಇಲ್ಲ, ಹೆಂಚಿನ ಮಾಡಿನ ಕೆಳಗೆ ಏನೂ ಇಲ್ಲ, ಅಡುಗೆಯ ಜಾಗಕ್ಕೂ ಕೂರುವ ಜಾಗಕ್ಕೂ ನಡುವೆ ಗೋಡೆ ಇಲ್ಲ, ಒಳಗೆ ಒಂದೂ ಬಾಗಿಲಿಲ್ಲ. ಬೇಡವಾದದ್ದನ್ನೆಲ್ಲ ಬಿಡುತ್ತಾ ಬಂದು ಕೊನೆಗೆ ಉಳಿದದ್ದೇ ಮನೆ ಎಂಬ ಯೋಚನೆ ನನ್ನದಾಗಿತ್ತು. ಮೇಸ್ತ್ರಿ ಮಾತ್ರ ಕೊನೆಯ ದಿನ ಕೇಳಿದ್ದ: “ಇದು ಕೆಲಸ ಮುಗಿದದ್ದಾ ಡಾಕ್ಟ್ರೇ, ನಿಲ್ಲಿಸಿದ್ದಾ?”

ಚಪ್ಪಾಳೆ ತಟ್ಟಿದರೆ ಇಲ್ಲಿ ಇನ್ನೊಂದು ಚಪ್ಪಾಳೆ ಕೇಳಿಸುತ್ತದೆ. ಸ್ವಚ್ಛವಾದ ಪ್ರತಿಧ್ವನಿ. ಊಟವಾದ ಮೇಲೆ ಕೆಲವೊಮ್ಮೆ ತಟ್ಟಿ ನೋಡುವುದುಂಟು.

ಫೆಬ್ರವರಿ ೨೦, ಗುರುವಾರ

ಗ್ರಾಮಸಭೆ. ಮದುವೆ ಮಾತುಕತೆಯಲ್ಲಿ ಜನ ತಮ್ಮ ಮನೆಯನ್ನು ಹೊಗಳುವುದನ್ನು ಕೇಳಿದ್ದೇನೆ. ಇಲ್ಲಿ ತಿರುಗಾಮುರುಗಾ. ಒಬ್ಬರು ತಮ್ಮ ಮಾಡು ಸೋರುತ್ತದೆ ಎಂದರೆ ಇನ್ನೊಬ್ಬರು ತಮಗೆ ಸೋರಲಿಕ್ಕೆ ಮಾಡೇ ಇಲ್ಲ ಎಂದರು. ಮೂರನೆಯವರು ಎದ್ದು, ತಮ್ಮ ಗೋಡೆಯಲ್ಲಿ ಹಾವು ಇದೆ, ಬೇಕಾದರೆ ಅಧಿಕಾರಿಗಳು ಬಂದು ನೋಡಬಹುದು ಎಂದು ನನ್ನನ್ನು ಆಹ್ವಾನಿಸಿದರು. ಮನೆ ಬಂದಿರುವುದು ಏಳು, ಅರ್ಜಿ ನೂರರ ಹತ್ತಿರ. ನಡುನಡುವೆ ಎಮ್ಮೆ ಹಾಲು ಕಡಿಮೆಯಾದದ್ದಕ್ಕೆ, ಕರುವಿನ ಭೇದಿಗೆ ನನ್ನಲ್ಲಿ ಮದ್ದು ಕೇಳಿದರು. ಆ ಪ್ರಶ್ನೆಗಳಿಗೆ ಮಾತ್ರ ನಾನು ಸರಿಯಾಗಿ ಉತ್ತರಿಸಿದೆ ಎಂದುಕೊಳ್ಳುತ್ತೇನೆ.

ಪಂಚಾಯತಿನ ಅಭಿವೃದ್ಧಿ ಅಧಿಕಾರಿ ಚಿತ್ರಾ. ಚುರುಕಿನ ಹೆಂಗಸು, ನಿಯಮಗಳು ಬಾಯಿಪಾಠ. ತಿರಸ್ಕೃತ ಅರ್ಜಿಗಳನ್ನು ಓದುತ್ತಾ, “ನೀಲಾವತಿ, ಗಂಡ ಪದ್ಮಯ್ಯ, ಕುಕ್ಕುದಡಿ. ಪಕ್ಕಾ ಮನೆ ಉಂಟು” ಎಂದರು.

ಹಿಂದಿನ ಸಾಲಿನಿಂದ ಹೆಂಗಸೊಬ್ಬಳು ಎದ್ದಳು. “ಅದು ಮನೆ ಅಲ್ಲ ಮೇಡಂ. ದನದ ಹಟ್ಟಿ.”

ಸಭೆ ನಕ್ಕಿತು. ಚಿತ್ರಾ ಮೊಬೈಲಿನ ಚಿತ್ರವನ್ನು ನನ್ನ ಮುಂದೆ ಹಿಡಿದರು. ಸಿಮೆಂಟಿನ ಕಂಬ, ಶೀಟಿನ ಮಾಡು, ಸೊಂಟದವರೆಗೆ ಇಟ್ಟಿಗೆ ಗೋಡೆ. ಎದುರಿಗೆ ಅದೇ ಹೆಂಗಸು, ನಗುತ್ತಾ.

“ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಹಟ್ಟಿಯ ಮುಂದೆ ಮಾತ್ರ,” ಎಂದಳು ನೀಲಾವತಿ. “ನೆಟ್‌ವರ್ಕ್ ಇಲ್ಲದಿದ್ದರೆ ಆ್ಯಪ್ ತೆರೆಯುವುದಿಲ್ಲ ಅಂತ ಸರ್ವೆಯವರು ಅಲ್ಲಿ ನಿಲ್ಲಿಸಿದರು. ನಗಿ ಅಂತ ಅವರೇ ಹೇಳಿದ್ದು.”

ಆ ಹಟ್ಟಿ ನನಗೆ ಗೊತ್ತಿತ್ತು. ಉದ್ಯೋಗ ಖಾತ್ರಿಯಲ್ಲಿ ಕಟ್ಟಿದ್ದು. ದನ ಕಟ್ಟಲು ಯೋಗ್ಯವಾಗಿದೆ ಎಂದು ಸಹಿ ಹಾಕಿದವಳು ನಾನು. ಹಾಗೆಂದು ಹೇಳಿದೆ. ಆಡಿದ ಕೂಡಲೇ ತಪ್ಪಾಯಿತು ಎನಿಸಿತು, ಏಕೆಂದರೆ ಸ್ಥಳ ಪರಿಶೀಲಿಸಿ ವರದಿ ಕೊಡುವ ಕೆಲಸವನ್ನು ಚಿತ್ರಾ ಅಲ್ಲೇ ನನಗೆ ಬರೆದು ಕೊಟ್ಟರು.

ಫೆಬ್ರವರಿ ೨೪, ಸೋಮವಾರ

ಕುಕ್ಕುದಡಿಗೆ ಹೋದೆ. ಸ್ಕೂಟರನ್ನು ತೋಡಿನ ಈಚೆ ಬಿಟ್ಟು, ನೀರು ದಾಟಿ ನಡೆಯಬೇಕು.

ಹಟ್ಟಿಯೊಳಗೆ ಮಂಚವಿತ್ತು. ಮಂಚದ ಮೇಲೆ ಅರ್ಜಿದಾರಳ ಅತ್ತೆ, ಅಮ್ಮಣಿ ಎಂಬ ವೃದ್ಧೆ, ವೀಳ್ಯ ಹಾಕುತ್ತಿದ್ದರು. ಮೇವು ಹಾಕುವ ಗೋದಲಿಯಲ್ಲಿ ಪಾತ್ರೆಗಳನ್ನು ಒಪ್ಪವಾಗಿ ಜೋಡಿಸಿದ್ದರು. ಗಂಜಳ ಹರಿಯುವ ಚರಂಡಿಗೆ ಹಲಗೆ ಮುಚ್ಚಿ ಅದರ ಮೇಲೆ ದೇವರ ಪಟ. ನೀಲಾವತಿ ಮೂಲೆಯಲ್ಲಿ ಬೀಡಿ ಕಟ್ಟುತ್ತಿದ್ದಳು.

“ದನ ಎಲ್ಲಿ?” ಎಂದು ಕೇಳಿದೆ.

“ಮನೆಯಲ್ಲಿ” ಎಂದ ಪದ್ಮಯ್ಯ.

ಮನೆ ನೋಡಿದೆ. ಮಣ್ಣಿನದು. ಒಂದು ಗೋಡೆ ಕಳೆದ ಮಳೆಗಾಲದಲ್ಲೇ ಕೂತುಬಿಟ್ಟಿದೆ. ಅದರ ಜಾಗದಲ್ಲಿ ಟಾರ್ಪಾಲು. ಒಳಗೆ ಬೊಳ್ಳಿ ಎಂಬ ತುಂಬು ಗಬ್ಬದ ದನ, ಗೋಡೆಯ ಕ್ಯಾಲೆಂಡರಿನ ಕೆಳಗೆ ಮಲಗಿ ಮೆಲುಕು ಹಾಕುತ್ತಿತ್ತು.

“ಗೋಡೆ ಬಿದ್ದ ದಿನ ಅಮ್ಮನನ್ನು ಹಟ್ಟಿಗೆ ಎತ್ತಿಕೊಂಡು ಹೋದೆವು,” ಎಂದ ಪದ್ಮಯ್ಯ. “ಒಂದು ದಿನಕ್ಕೆ ಅಂತ. ಆಮೇಲೆ ಅವರು ಬರಲೇ ಇಲ್ಲ.”

“ಎಂತಕ್ಕೆ ಬರುವುದು?” ಅಮ್ಮಣಿ ತುಳುವಿನಲ್ಲಿ ಅಲ್ಲಿಂದಲೇ ಕೂಗಿದರು. “ದನಕ್ಕೆ ಸರಕಾರ ಒಳ್ಳೆಯ ಮನೆ ಕೊಟ್ಟಿದೆ. ನಮಗೆ ಕೊಟ್ಟರೆ ದನಕ್ಕೆ ಅದರದ್ದು ವಾಪಸ್ ಕೊಡುವ.”

ಹಿಂದಿರುಗುವಾಗ ಸರ್ವೆಯವರ ಫೋಟೋ ಒಂದು ರೀತಿಯಲ್ಲಿ ಸುಳ್ಳಲ್ಲ ಎಂದು ಹೊಳೆಯಿತು. ವಸ್ತು ಏನೆಂಬುದನ್ನು ಅದರ ಹೆಸರು ಹೇಳುತ್ತದೆಯೋ ಅಥವಾ ಅದರೊಳಗೆ ಯಾರು ಮಲಗಿದ್ದಾರೆ ಎಂಬುದೋ. ಇಂಥ ಪ್ರಶ್ನೆಗೆ ವರದಿಯಲ್ಲಿ ಜಾಗ ಇರುವುದಿಲ್ಲ.

ಮಾರ್ಚ್ ೩, ಸೋಮವಾರ

ಚಿತ್ರಾ ನನ್ನ ಮಾತನ್ನು ಪೂರ್ತಿ ಕೇಳಿ, ಪೆನ್ನು ಕೆಳಗಿಟ್ಟರು.

“ಮೇಡಂ, ಅದು ಮನೆ ಅಂತ ನೀವು ಬರೆದರೆ, ಪಕ್ಕಾ ಮನೆ ಉಂಟು, ಅರ್ಜಿ ತಿರಸ್ಕಾರ. ಹಟ್ಟಿ ಅಂತ ಬರೆದರೆ, ಹಟ್ಟಿಯ ಅನುದಾನ ದುರುಪಯೋಗ, ಹಣ ವಸೂಲಿ. ಯಾವುದು ಬರೆಯುತ್ತೀರಿ?”

“ಮೂರನೆಯದು ಇಲ್ಲವಾ?”

“ಹಳೆಯ ಮನೆಯಲ್ಲೇ ಇದ್ದಿದ್ದರೆ ಕಚ್ಚಾ ಮನೆ ಅಂತ ಹಾಕಬಹುದಿತ್ತು. ಅದರಲ್ಲಿ ದನ ಉಂಟು. ದನ ಇರುವ ಕಟ್ಟಡ ಹಟ್ಟಿ. ಬಿದ್ದ ಹಟ್ಟಿಗೆ ನಮ್ಮಲ್ಲಿ ಮಾರ್ಕು ಇಲ್ಲ.”

ಚಿತ್ರಾ ಕೆಟ್ಟವರಲ್ಲ. ಅಂಕಗಳ ಪಟ್ಟಿಯನ್ನು ನನಗೆ ಓದಿ ಹೇಳಿದರು. ಎಲ್ಲಕ್ಕಿಂತ ಮೇಲೆ ಇರುವುದು ಮನೆಯೇ ಇಲ್ಲದವರು. ಆಮೇಲೆ ಬಿದ್ದ ಮನೆಯವರು, ಆಮೇಲೆ ಬೀಳಲಿರುವ ಮನೆಯವರು. ಬಿದ್ದ ಮನೆಯವರೇ ಏಳಕ್ಕಿಂತ ಹೆಚ್ಚು ಇದ್ದಾರಂತೆ. “ಈ ಪಟ್ಟಿ ತಪ್ಪಿದರೆ ಇನ್ನೊಂದು ಸರ್ವೆ ಬರಬೇಕು,” ಎಂದರು. “ಹಿಂದಿನದ್ದು ಯಾವಾಗ ಬಂದದ್ದು ಅಂತ ನನಗೂ ನೆನಪಿಲ್ಲ.”

ನನಗೆ ಸಂಬಂಧವಿಲ್ಲದ ವಿಷಯ. ನನಗೆ ವಹಿಸಿದ್ದು ವರದಿ ಮಾತ್ರ.

ಮಾರ್ಚ್ ೫, ಬುಧವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಮನುಷ್ಯರ ಮನೆಯ ಬಗ್ಗೆ ಸರ್ಟಿಫಿಕೇಟು ಕೊಡುವ ಅಧಿಕಾರ ನನಗಿಲ್ಲ. ದನ ಇರುವ ಕಟ್ಟಡದ ಬಗ್ಗೆ ಉಂಟು.

ಬರೆದೆ: ಕುಕ್ಕುದಡಿಯ ಸದರಿ ಮಣ್ಣಿನ ಕಟ್ಟಡವು ಜಾನುವಾರು ವಾಸಕ್ಕೂ ಯೋಗ್ಯವಲ್ಲ. ತುಂಬು ಗಬ್ಬದ ದನವನ್ನು ಕೂಡಲೇ ಅದರ ಸ್ವಂತ ಹಟ್ಟಿಗೆ ಸ್ಥಳಾಂತರಿಸತಕ್ಕದ್ದು. ಹಟ್ಟಿಯಲ್ಲಿ ದನದ ಹೊರತು ಇತರರು ವಾಸಿಸತಕ್ಕದ್ದಲ್ಲ.

ಮೂರು ವಾಕ್ಯ. ಎಲ್ಲವೂ ಸತ್ಯ. “ವಾಸಕ್ಕೂ” ಎಂದಿದ್ದನ್ನು “ವಾಸಕ್ಕೆ” ಎಂದು ತಿದ್ದಿ, ಮತ್ತೆ “ವಾಸಕ್ಕೂ” ಎಂದೇ ಮಾಡಿದೆ.

ಮಾರ್ಚ್ ೧೦, ಸೋಮವಾರ

ಸಮಿತಿ ಸಭೆ. ಅಧ್ಯಕ್ಷ ದಯಾನಂದ ನನ್ನ ಸರ್ಟಿಫಿಕೇಟನ್ನು ಎರಡು ಸಲ ಓದಿದರು.

“ಅಂದರೆ ಡಾಕ್ಟ್ರು ದನದ ಪರವಾಗಿ ಇವರನ್ನು ಒಕ್ಕಲೆಬ್ಬಿಸಿದ ಹಾಗಾಯಿತು.”

“ಹೌದು” ಎಂದೆ.

“ಹಾಗಾದರೆ ಇವರಿಗೆ ಈಗ ಮನೆಯೇ ಇಲ್ಲ.”

“ಇಲ್ಲ.”

ದಯಾನಂದ ಚಿತ್ರಾರ ಕಡೆ ನೋಡಿದರು. ಚಿತ್ರಾ ನಿಧಾನವಾಗಿ ಮನೆಯೇ ಇಲ್ಲದವರ ಪಟ್ಟಿಯನ್ನು ಎಳೆದುಕೊಂಡರು. ಕ್ಷಣಕಾಲ ಎಲ್ಲರಿಗೂ ಸಂತೋಷವಾದಂತಿತ್ತು. ಆಮೇಲೆ ಚಿತ್ರಾ ಕೇಳಿದರು: “ಮನೆ ಇಲ್ಲದವರು ಸದ್ಯ ಯಾರ ಮನೆಯಲ್ಲಿ ಇದ್ದಾರೆ ಅಂತ ಒಂದು ಕಾಲಂ ಉಂಟು. ಯಾರ ಹೆಸರು ಹಾಕುವುದು?”

ಸದಸ್ಯರು ಫ್ಯಾನಿನ ಕಡೆ ನೋಡಿದರು. ಒಬ್ಬರಿಗೆ ಫೋನ್ ಬಂತು, ಅದು ರಿಂಗಾಗಿರಲಿಲ್ಲ. ಮೌನವನ್ನು ನಾನು ಸಾಮಾನ್ಯವಾಗಿ ಚೆನ್ನಾಗಿ ತಾಳಿಕೊಳ್ಳುತ್ತೇನೆ. ಇವತ್ತು ಏಕೋ ಆಗಲಿಲ್ಲ. ನನ್ನ ವಿಳಾಸ ಹೇಳಿದೆ. ಕಾಲಂ ತುಂಬಲಿಕ್ಕೆ ಮಾತ್ರ ಎಂದೂ ಹೇಳಿದೆ.

“ಅದು ಸಾಕಾಗುವುದಿಲ್ಲ ಮೇಡಂ,” ಎಂದರು ಚಿತ್ರಾ. “ತಾಲೂಕಿನಿಂದ ಇಂಜಿನಿಯರ್ ಬಂದು ನೋಡುತ್ತಾರೆ. ಬರುವಾಗ ಅರ್ಜಿದಾರರು ಅಲ್ಲಿ ಇರಬೇಕು.”

ಬರುವುದು ಮುಂದಿನ ಸೋಮವಾರ. ಒಂದು ದಿನದ ಮಟ್ಟಿಗೆ ತೊಂದರೆ ಇಲ್ಲ.

ಮತ್ತೊಂದು ತೊಡಕು: ಬೊಳ್ಳಿ ಯಾವಾಗ ಬೇಕಾದರೂ ಕರು ಹಾಕಬಹುದು, ರಾತ್ರಿ ಅದರ ಹತ್ತಿರ ಯಾರಾದರೂ ಬೇಕು. ಆದರೆ ಹಟ್ಟಿಯಲ್ಲಿ ಯಾರೂ ವಾಸಿಸಕೂಡದು ಎಂದು ಬರೆದವಳು ನಾನೇ. ಚಿತ್ರಾ ಯೋಚಿಸಿ, ಹೊರಗೆ ಕಾಯುತ್ತಿದ್ದ ಪದ್ಮಯ್ಯನನ್ನು ಕರೆದು ತೀರ್ಪು ಕೊಟ್ಟರು: “ಹಟ್ಟಿಯಲ್ಲಿ ಕುಳಿತಿರಬಹುದು, ಮಲಗುವಂತಿಲ್ಲ. ಮಲಗಿದರೆ ವಾಸ ಆಗುತ್ತದೆ.”

“ತೂಕಡಿಸಬಹುದಾ ಮೇಡಂ?” ಎಂದು ಪದ್ಮಯ್ಯ ಕೇಳಿದ.

“ಒರಗದೆ” ಎಂದರು ಚಿತ್ರಾ.

ಮಾರ್ಚ್ ೧೬, ಭಾನುವಾರ

ಅತ್ತೆ ಸೊಸೆ ಬಂದಿದ್ದಾರೆ. ಜೀಪಿನಿಂದ ಮೊದಲು ಇಳಿದದ್ದು ಅರೆಯುವ ಕಲ್ಲು. ಒಂದು ದಿನಕ್ಕೆ ಅರೆಯುವ ಕಲ್ಲು ಏಕೆ ಎಂದು ಕೇಳಲಿಲ್ಲ.

ಅಮ್ಮಣಿ ಮನೆಯೊಳಗೆ ಒಂದು ಸುತ್ತು ಬಂದು, “ಬಾಗಿಲುಗಳು ಯಾವಾಗ ಬರುತ್ತವೆ?” ಎಂದರು.

ಬರುವುದಿಲ್ಲ, ಈ ಮನೆ ಹೀಗೆಯೇ ಎಂದೆ.

“ಒಳಗೆ ಬಾಗಿಲು ಇಲ್ಲದಿದ್ದರೆ ಜಗಳ ಆದಾಗ ಯಾವುದನ್ನು ಹಾಕಿಕೊಳ್ಳುವುದು?”

“ನಾನೊಬ್ಬಳೇ ಇರುವುದು.”

“ಅಯ್ಯೋ,” ಎಂದರು ಅವರು, ನಿಜವಾಗಿಯೂ ಮರುಕದಿಂದ. “ಜಗಳಕ್ಕೂ ಜನ ಇಲ್ಲವಾ ಡಾಕ್ಟ್ರಮ್ಮ?”

ನೀಲಾವತಿ ಬಚ್ಚಲಿನ ಮುಂದಿನ ತೆರವಿಗೆ ಒಂದು ಹಳೆಯ ಸೀರೆ ಕಟ್ಟಿದಳು. ಹಸಿರು, ದೊಡ್ಡ ಹೂಗಳು. ನನ್ನ ಗೋಡೆಯ ಬಣ್ಣಕ್ಕೆ ಅದು ಸಲ್ಲುವುದಿಲ್ಲ. ನಾಳೆ ತೆಗೆಯುತ್ತಾರೆ.

ಮಾರ್ಚ್ ೧೭, ಸೋಮವಾರ

ಇಂಜಿನಿಯರ್ ಬರಲಿಲ್ಲ. ಬೆಂಗಳೂರಿನಲ್ಲಿ ತರಬೇತಿಯಂತೆ.

ಮಾರ್ಚ್ ೨೦, ಗುರುವಾರ

ಬರಲಿಲ್ಲ. ಸರ್ವರ್ ಇಲ್ಲ.

ಅಮ್ಮಣಿಯಮ್ಮ ನನ್ನ ಕಿಟಕಿಯ ಬಗ್ಗೆ ಮಾತಾಡಿದರು. ಇಷ್ಟು ದೊಡ್ಡ ಕಿಟಕಿಗೆ ಹತ್ತಿರದ ಮನೆಯೊಂದೂ ಕಾಣದಿದ್ದರೆ ಅದು ಎಂತಕ್ಕೆ, ನೋಡಲಿಕ್ಕೆ ಎಂತ ಉಂಟು ಎಂದರು. ಆಕಾಶ ಎಂದೆ. “ಅದು ಅಂಗಳದಿಂದಲೂ ಕಾಣುತ್ತದೆ” ಎಂದರು.

ಮಾರ್ಚ್ ೨೩, ಭಾನುವಾರ

ಮಧ್ಯಾಹ್ನ ಪದ್ಮಯ್ಯನ ಫೋನ್. ನೆಟ್‌ವರ್ಕ್ ಹಟ್ಟಿಯ ಮುಂದೆಯೇ ಸಿಗುವುದು ಇಂಥ ಹೊತ್ತಿಗೆ ಅನುಕೂಲ. ಕರುವಿನ ಒಂದು ಕಾಲು ಹಿಂದಕ್ಕೆ ಮಡಚಿತ್ತು. ನಾನು ತಲುಪಿ ಸರಿಪಡಿಸಿದೆ, ಹೆಣ್ಣು ಕರು. ಪದ್ಮಯ್ಯನ ಕಣ್ಣು ಕೆಂಪಾಗಿತ್ತು. “ಒಂದು ದಿನವೂ ಒರಗಲಿಲ್ಲ ಡಾಕ್ಟ್ರಮ್ಮ, ದನ ಸಾಕ್ಷಿ,” ಎಂದ. ಈಗ ಮಲಗು, ನಾನು ಕೂತಿರುತ್ತೇನೆ ಎಂದೆ. ಅವನು ಹಟ್ಟಿಯ ಹೊರಗೆ, ನಿಯಮಕ್ಕೆ ಸರಿಯಾಗಿ ಮಾಡಿನ ನೀರು ಬೀಳುವ ಗೆರೆಯ ಆಚೆ, ಚಾಪೆ ಹಾಸಿ ಮಲಗಿದ.

ಆಗ ಅಮ್ಮಣಿಯಮ್ಮನ ಫೋನ್, ನೀಲಾವತಿಯ ಮೊಬೈಲಿನಿಂದ. “ಕರುವಿನ ಮಾಸು ಬಿದ್ದರೆ ಬೈಹುಲ್ಲಿನಲ್ಲಿ ಸುತ್ತಿ ಹಲಸಿನ ಮರಕ್ಕೆ ಕಟ್ಟಬೇಕು. ಹಾಲು ಒಸರುವ ಮರಕ್ಕೆ ಕಟ್ಟಿದರೆ ದನಕ್ಕೆ ಹಾಲು. ಅವನಿಗೆ ನೆನಪಿರುವುದಿಲ್ಲ, ನೀವು ನೋಡಿಕೊಳ್ಳಿ.” ಹೂತುಹಾಕಬೇಕು, ಅದೇ ವೈಜ್ಞಾನಿಕ ಎಂದು ಇಡೀ ವೃತ್ತಿಜೀವನ ಜನರಿಗೆ ಹೇಳುತ್ತಾ ಬಂದಿದ್ದೇನೆ.

ಹಲಸಿನ ಮರ ಹಟ್ಟಿಯ ಹಿಂದೆ ಇದೆ. ಗಂಟು ಸ್ವಲ್ಪ ಸಡಿಲವಾಯಿತು ಅನಿಸುತ್ತದೆ.

ಮಾರ್ಚ್ ೨೫, ಮಂಗಳವಾರ

ಗಿಣ್ಣು. ಬೆಲ್ಲ, ಏಲಕ್ಕಿ. ಪದ್ಮಯ್ಯ ಮೊದಲ ಬಸ್ಸಿನಲ್ಲಿ ಹಾಲು ತಂದಿದ್ದ. ನೀಲಾವತಿ ಪಕ್ಕದ ಮನೆಗಳಿಗೂ ಹಂಚಿ ಬಂದಳು. ನನಗೆ ಪಕ್ಕದ ಮನೆಗಳಿವೆ.

ಏಪ್ರಿಲ್ ೩, ಗುರುವಾರ

ಇಂಜಿನಿಯರ್ ಬಂದ. ಫಾಝಿಲ್ ಎಂದು ಹೆಸರು, ಹುಡುಗುಮುಖ, ವಿನಯವಂತ. ಬೂಟ್ಸು ಹೊರಗೆ ಬಿಟ್ಟು ಬಂದ. ನೀಲಾವತಿಯನ್ನು, ಅಮ್ಮಣಿಯಮ್ಮನನ್ನು ನೋಡಿ ಗುರುತು ಹಾಕಿಕೊಂಡ. ಆಮೇಲೆ ಮೊಬೈಲ್ ಹಿಡಿದು ನನ್ನ ಗೋಡೆಯ ಹತ್ತಿರ ನಿಂತ.

“ಈಗ ಇರುವ ಮನೆಯ ವಿವರವೂ ತುಂಬಬೇಕು ಮೇಡಂ. ಗೋಡೆಗೆ ಸಾರಣೆ ಉಂಟಾ?”

“ಇಲ್ಲ. ಅದು ಬೇಕೆಂದೇ ಬಿಟ್ಟದ್ದು.”

“ಬೇಕೆಂದೇ ಅಂತ ಆಯ್ಕೆ ಇಲ್ಲ. ಉಂಟು, ಇಲ್ಲ, ಎರಡೇ.” ಒತ್ತಿದ. “ನೆಲ?”

“ಉಜ್ಜಿ ನಯ ಮಾಡಿದ ಸಿಮೆಂಟು. ಟೈಲ್ಸಿಗಿಂತ ಹೆಚ್ಚು ಖರ್ಚಾಯಿತು.”

“ಟೈಲ್ಸ್ ಇಲ್ಲ. ಬೇರೆ ಅಡುಗೆಮನೆ?”

“ತೆರೆದ ವಿನ್ಯಾಸ.”

“ಇಲ್ಲ. ಒಳಗಿನ ಬಾಗಿಲು?” ಅವನು ಹಸಿರು ಸೀರೆಯನ್ನು ಎತ್ತಿ ನೋಡಿ, ಮೆಲ್ಲನೆ ಬಿಟ್ಟ. “ಸೀರೆ.”

“ಆ ಸೀರೆ...” ಎಂದು ಶುರು ಮಾಡಿದವಳು ಮುಗಿಸಲಿಲ್ಲ.

ಅವನು ಕೊನೆಯ ಗುಂಡಿ ಒತ್ತಿದ. ಮೊಬೈಲು ಒಂದಿಷ್ಟು ಹೊತ್ತು ಸುತ್ತಿತು. ಫಾಝಿಲ್ ತೆರೆ ನೋಡಿ ಸಂಕೋಚಪಟ್ಟು, ಮತ್ತೆ ನನ್ನ ಕಡೆ ನೋಡಿದ. “ಬೇಸರ ಮಾಡಬೇಡಿ ಮೇಡಂ. ಕಚ್ಚಾ ಮನೆ ಅಂತ ಬಂತು.”

ಅಮ್ಮಣಿಯಮ್ಮ ವೀಳ್ಯ ಮಡಚುತ್ತಾ ಹೇಳಿದರು: “ನಾನು ಬಂದ ದಿನವೇ ಹೇಳಿದೆ.”

ಮನೆ ಇಲ್ಲದವರು ಪರರ ಕಚ್ಚಾ ಮನೆಯಲ್ಲಿ ಆಶ್ರಯ ಪಡೆದಿದ್ದರೆ ಅದಕ್ಕೆ ಇನ್ನಷ್ಟು ಅಂಕವಂತೆ. ಫಾಝಿಲ್ ಹೋಗುವಾಗ, ಸಂಬಳ ಇರುವುದರಿಂದ ನನಗೆ ಮಾತ್ರ ಅರ್ಜಿ ಹಾಕಲು ಬರುವುದಿಲ್ಲ ಎಂದು ಸಮಾಧಾನದ ದನಿಯಲ್ಲಿ ಹೇಳಿದ.

ಏಪ್ರಿಲ್ ೪, ಶುಕ್ರವಾರ

ಪರಿಶೀಲನೆ ಮುಗಿಯಿತು. ಇವರು ಇನ್ನು ಇಲ್ಲಿ ಇರಬೇಕೆಂದಿಲ್ಲ. ಪಟ್ಟಿ ಪ್ರಕಟವಾಗುವ ಮೊದಲು ಮರುಪರಿಶೀಲನೆ ಬರಲೂಬಹುದು ಎಂದು ನೀಲಾವತಿಗೆ ಹೇಳಿದೆ. ಹಾಗೆಂದು ನಿಯಮದಲ್ಲಿ ಎಲ್ಲಿದೆ ಎಂದು ಚಿತ್ರಾರನ್ನು ಕೇಳಿಲ್ಲ.

ಏಪ್ರಿಲ್ ೧೨, ಶನಿವಾರ

ಮನೆಯ ಪ್ರತಿಧ್ವನಿ ಕೆಟ್ಟಿದೆ. ಊಟದ ನಂತರ ಚಪ್ಪಾಳೆ ತಟ್ಟಿದೆ, ಏನೂ ಬರಲಿಲ್ಲ. ಸೆಕೆಗೆ ಹೆಂಚು ಹಿಗ್ಗಿರಬೇಕು.

“ಎಂತ, ಕರೆದದ್ದಾ?” ಎಂದು ಅಮ್ಮಣಿಯಮ್ಮ ಬೀಡಿ ಎಲೆಗಳ ರಾಶಿಯ ಆಚೆಯಿಂದ ಕೇಳಿದರು.

ಏಪ್ರಿಲ್ ೨೨, ಮಂಗಳವಾರ

ಪಟ್ಟಿ ಬಂತು. ನೀಲಾವತಿಯ ಹೆಸರು ಮೊದಲನೆಯದು. ಚಿತ್ರಾ ಫೋನ್ ಮಾಡಿ, “ನಿಮ್ಮ ದನ ಗೆದ್ದಿತು ಮೇಡಂ” ಎಂದರು. ಹಾವು ಇರುವ ಗೋಡೆಯವರಿಗೂ ಸಿಕ್ಕಿದೆಯಂತೆ. ಪರಿಶೀಲನೆಯ ದಿನ ಹಾವು ತಾನಾಗಿ ಹೊರಗೆ ಬಂದು ಫಾಝಿಲನಿಗೆ ದರ್ಶನ ಕೊಟ್ಟಿತಂತೆ.

ನೀಲಾವತಿ ಸುದ್ದಿ ಕೇಳಿ ಒಂದು ಬೀಡಿಯನ್ನು ಪೂರ್ತಿ ಕಟ್ಟಿ, ನೂಲು ಸುತ್ತಿ, ತಟ್ಟೆಯಲ್ಲಿಟ್ಟು, ಆಮೇಲೆ ಅತ್ತಳು. ಅಮ್ಮಣಿಯಮ್ಮ ಕೂಡಲೇ ನಕ್ಷೆಯ ಚರ್ಚೆಗೆ ಇಳಿದರು. ಎಷ್ಟು ಬಾಗಿಲು ಬರುತ್ತದೆ ಎಂಬುದು ಅವರ ಮುಖ್ಯ ಪ್ರಶ್ನೆ. ಇಲಾಖೆಯ ನಕ್ಷೆಯಲ್ಲಿ ಮೂರು ಇದೆ ಎಂದೆ. “ಸಾಕು,” ಎಂದರು. “ನಾವು ಮೂರು ಜನ. ಒಬ್ಬೊಬ್ಬರಿಗೆ ಒಂದು.”

ಮೇ ೭, ಬುಧವಾರ

ಅಡಿಪಾಯ ಆಯಿತು, ಮೊದಲ ಕಂತು ಬಿಡುಗಡೆಯಾಗಲು ಅದರ ಮುಂದೆ ಫೋಟೋ ಬೇಕು. ಫಾಝಿಲ್ ಬಂದಿದ್ದ. ಈಗ ಆ್ಯಪಿನ ಹೊಸ ಆವೃತ್ತಿ. ನೆಟ್‌ವರ್ಕ್ ಇಲ್ಲದೆಯೂ ತೆರೆಯುತ್ತದೆ. ಫೋಟೋವನ್ನು ಅಡಿಪಾಯದ ಮುಂದೆ ತೆಗೆದು, ಕಳಿಸಲಿಕ್ಕೆ ಮಾತ್ರ ಹಟ್ಟಿಯ ಮುಂದೆ ಹೋದರೆ ಸಾಕು.

ನೀಲಾವತಿ ಕಲ್ಲಿನ ಸಾಲಿನ ಮುಂದೆ ನಿಂತಳು. ಫಾಝಿಲ್ ಅಭ್ಯಾಸಬಲದಿಂದ, “ಸ್ವಲ್ಪ ನಗಿ” ಎಂದ.

“ನಗಬೇಡ,” ಎಂದು ಅಮ್ಮಣಿಯಮ್ಮ ಗದರಿದರು. “ಕಳೆದ ಸಲ ನಕ್ಕು ಎಷ್ಟು ಆಯಿತು ಗೊತ್ತುಂಟಲ್ಲ.”

ಬೊಳ್ಳಿಯ ಕರು ಬಂದು ಚೌಕಟ್ಟಿನೊಳಗೆ ನಿಂತಿತು; ಓಡಿಸಿದರು. ಅಮ್ಮಣಿಯಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಫಾಝಿಲ್ ಮೊಬೈಲಿನ ಮೇಲಿನಿಂದ ನೋಡಿ, “ಮೇಡಂ, ಕುಟುಂಬದವರು ಮಾತ್ರ. ಒಂದು ಮುಖ ಹೆಚ್ಚು ತೋರಿಸುತ್ತಿದೆ” ಎಂದ. ಅವನ ಮಾತು ಸರಿ. ಪಕ್ಕಕ್ಕೆ ಸರಿದೆ. ಕರುವಿನ ಹತ್ತಿರ ನಿಂತೆ.

ಮನೆ ಏಳಲಿಕ್ಕೆ ಮಳೆಗಾಲ ಕಳೆಯಬೇಕು, ಅಲ್ಲಿಯವರೆಗೆ ಬೇರೆ ಕಡೆ ಬಾಡಿಗೆಗೆ ನೋಡುತ್ತೇವೆ ಎಂದು ಪದ್ಮಯ್ಯ ಹೇಳಿದ. ತಾಂತ್ರಿಕವಾಗಿ ಅವರ ವಿಳಾಸ ಇನ್ನೂ ನನ್ನದೇ ಆಗಿರುವುದರಿಂದ ಮಧ್ಯದಲ್ಲಿ ಬದಲಾಯಿಸಿದರೆ ಕಂತು ನಿಲ್ಲುವ ಸಂಭವವಿದೆ ಎಂದೆ. ಚಿತ್ರಾ ಅಲ್ಲೇ ಇದ್ದರು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಹೌದು ಹೌದು, ನಿಯಮ ಉಂಟು” ಎಂದರು. ಯಾವ ನಿಯಮ ಎಂದು ಅವರೂ ಹೇಳಲಿಲ್ಲ.

ಮೇ ೮, ಗುರುವಾರ

ಆಸ್ಪತ್ರೆಯಿಂದ ನೇರ ಬಡಗಿಯ ಅಂಗಡಿಗೆ ಹೋದೆ. ಬಚ್ಚಲಿಗೆ ಒಂದು ಬಾಗಿಲು, ಒಳಕೋಣೆಗೆ ಒಂದು. ಮರ ಆರಿಸುವುದರಲ್ಲಿ ಹೊತ್ತಾಯಿತು. ಯಾರ ಕೋಣೆಗೆ ಎಂದು ಬಡಗಿ ಕೇಳಿದಾಗ ಅಳತೆ ಹೇಳಿದೆ.

ಮನೆ ತಲುಪುವಾಗ ದೀಪ ಹೊತ್ತಿಸಿದ್ದರು. ಅಮ್ಮಣಿಯಮ್ಮ ಮೆಟ್ಟಿಲಲ್ಲಿ ಕೂತಿದ್ದರು.

“ಎಂತ ಡಾಕ್ಟ್ರಮ್ಮ, ಇಷ್ಟು ತಡ? ಹೇಳಿ ಹೋಗಲಿಕ್ಕೆ ಆಗುವುದಿಲ್ಲವಾ?”

ಇದಕ್ಕೆ ಉತ್ತರ ಕೊಟ್ಟು ನನಗೆ ಅಭ್ಯಾಸವಿಲ್ಲ. “ಬಸ್ಸು ಸಿಗಲಿಲ್ಲ” ಎಂದೆ.

ಅವರು ನನ್ನ ಹಿಂದೆ ನಿಂತಿದ್ದ ಸ್ಕೂಟರನ್ನು ನೋಡಿದರು. ನನ್ನ ಕೈಯಲ್ಲಿದ್ದ ಹೆಲ್ಮೆಟನ್ನು ನೋಡಿದರು.

“ಬಸ್ಸುಗಳು ಹಾಗೆಯೇ,” ಎಂದರು. “ಕೈಕಾಲು ತೊಳೆದು ಬನ್ನಿ. ಗಂಜಿ ಆರುತ್ತದೆ.”